ಎದ್ದರೆ ಗೋಲು

ನಮ್ಮ ಫುಟ್‌ಬಾಲ್ ಕ್ಲಬ್ಬು ಬಿ ಡಿವಿಷನ್‌ನಿಂದ ಎ ಡಿವಿಷನ್‌ಗೆ ಏರಿದ ಮಧ್ಯಾಹ್ನ ನಾವು ಆರು ಮಂದಿ ಹರಿಹರದ ಒಂದು ಲೇತ್ ಅಂಗಡಿಯಲ್ಲಿ ಕೂತಿದ್ದೆವು. ಆಟ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿನ ಮೈದಾನದ ಗ್ಯಾಲರಿ ರಿಪೇರಿಯಲ್ಲಿತ್ತು, ತಂಡದವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಸೇರಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಮಾತಾಡಿಟ್ಟಿದ್ದ ಟೆಂಪೋ ಬೇಡವೆಂದು ಹೇಳಿ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಗೆಳೆಯನ ಅಂಗಡಿಗೆ ಬಂದೆವು. ಅಂದು ಸಂಜೆಯೊಳಗೆ ಆ ಗೆಳೆಯ ತೀರಿಕೊಂಡ. ಅದರಲ್ಲಿ ನನ್ನ ಪಾಲೆಷ್ಟು ಎಂಬುದು ನನಗೆ ಗೊತ್ತು.

ಅವನೂ ನಾನೂ ಹೈಸ್ಕೂಲಿನಿಂದ ಜೊತೆ. ಅವನು ಡಿಫೆಂಡರ್, ನಾನು ಗೋಲ್‌ಕೀಪರ್. ಅವನ ಬೆನ್ನು ನೋಡಿಕೊಂಡೇ ನಾನು ಆಡಿದ್ದು. ಆಮೇಲೆ ಅವನು ಹರಿಹರದಲ್ಲೇ ಲೇತ್ ಹಾಕಿದ, ನಾನು ದಾವಣಗೆರೆಯ ವಿನೋಬನಗರದಲ್ಲಿ ಟೈಲರ್ ಅಂಗಡಿ ಇಟ್ಟೆ. ಕ್ಲಬ್ಬಿನ ಆಟಗಾರರ ಅಂಗಿಗೆ ನಂಬರು ಹೊಲಿದುಕೊಡುವವನು ನಾನೇ. ಊರಿಗೆ ಊರೇ ಕ್ರಿಕೆಟ್ಟಿನ ಹಿಂದೆ ಓಡುವಾಗ ನಮ್ಮಂಥವರು ಎಲೆಯ ತುದಿಯ ಉಪ್ಪಿನಕಾಯಿಯಷ್ಟು, ಆದರೆ ಖಾರಕ್ಕೇನೂ ಕಡಿಮೆಯಿರಲಿಲ್ಲ. ಅವನದು ಮಾತು ಕಡಿಮೆ. ನನ್ನದು ಎಲುಬಿಲ್ಲದ ನಾಲಿಗೆ.

ಎರಡು ವರ್ಷ ಮೊದಲು ಇಂಥದೇ ಒಂದು ಕೊನೆಯ ಆಟ ಇತ್ತು. ಗೆದ್ದರೆ ಮೇಲಿನ ಡಿವಿಷನ್ನು. ಕೆಲಸದ ದಿನವಾದ್ದರಿಂದ ಯಾರಿಗೂ ಬೆಂಗಳೂರಿಗೆ ಹೋಗಲಾಗದೆ, ಆಗಲೂ ಇದೇ ಅಂಗಡಿಯಲ್ಲಿ ಫೋನಿನಲ್ಲೇ ಆಟ ಕೇಳಿದ್ದೆವು. ನಮ್ಮವರು ಒಂದು ಗೋಲು ಮುಂದಿದ್ದಾಗ ಅವನು ಒಂದಕ್ಕೆಂದು ಎದ್ದು ಹೋದ. ಅವನು ವಾಪಸ್ ಬರುವಷ್ಟರಲ್ಲಿ ಆ ಕಡೆಯವರು ಸಮ ಮಾಡಿಕೊಂಡಿದ್ದರು, ಕೊನೆಗೆ ಇನ್ನೊಂದನ್ನೂ ಹೊಡೆದು ಗೆದ್ದರು.

"ಇವನು ಎದ್ದ, ಗೋಲು ಬಿತ್ತು" ಎಂದೆ ನಾನು.

ಸುಮ್ಮನೆ ಅಂದ ಮಾತು. ಆದರೆ ಸೋತವರಿಗೆ ಒಂದು ಕಾರಣ ಬೇಕಿರುತ್ತದೆ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಹುಟ್ಟಿಕೊಂಡಿತು: ನಮ್ಮವರು ಗೋಲು ಹೊಡೆದ ಮೇಲೆ, ಯಾರು ಎಲ್ಲಿ ಕೂತಿದ್ದಾರೋ ಆಟ ಮುಗಿಯುವ ತನಕ ಅಲ್ಲೇ ಕೂತಿರಬೇಕು. ಅದಕ್ಕೂ ಹೆಚ್ಚಾಗಿ, ಅವನನ್ನು ಕಾಡಿಸಲು ನನಗೊಂದು ನೆಪ ಸಿಕ್ಕಿತು. ಮದುವೆ ಊಟದಲ್ಲಿ ಅವನು ಕೈ ತೊಳೆಯಲು ಎದ್ದರೆ "ನೋಡ್ರಪ್ಪ, ಎದ್ದ" ಎನ್ನುತ್ತಿದ್ದೆ. ಪಂಕ್ತಿಯೇ ನಗುತ್ತಿತ್ತು. ಅವನೂ ನಗುತ್ತಿದ್ದ. ಒಳಗೊಳಗೆ ಅವನು ಆ ಸೋಲನ್ನು ನಿಜಕ್ಕೂ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ.

ಈ ಸಲದ ಆಟ ಮೂರು ಗಂಟೆಗೆ ಶುರುವಾಯಿತು. ತಂಡದ ಜೊತೆ ಚೆಂಡು, ನೀರು ಹೊತ್ತು ಹೋಗುವವನು ಮೈದಾನದ ಅಂಚಿನಿಂದ ನನ್ನ ಫೋನಿಗೆ ಕರೆ ಮಾಡಿ ಕಂಡದ್ದನ್ನು ಕಂಡಂತೆ ಹೇಳುತ್ತಿದ್ದ. ಸದ್ದು ದೊಡ್ಡದಾಗಿ ಕೇಳಲಿ ಎಂದು ಫೋನನ್ನು ಒಂದು ಸ್ಟೀಲಿನ ಪಾತ್ರೆಯೊಳಗೆ ನಿಲ್ಲಿಸಿದ್ದೆವು. ಗಿರಾಕಿಗಳು ಅಳತೆ ಹೇಳಿ ಆಮೇಲೆ ನಾವು ಹಾಗಂದೇ ಇಲ್ಲ ಎಂದು ಜಗಳ ತೆಗೆಯುತ್ತಾರಲ್ಲ, ಅದಕ್ಕೆಂದು ನನ್ನ ಫೋನಿನಲ್ಲಿ ಎಲ್ಲ ಕರೆಗಳೂ ತಾವಾಗಿಯೇ ರೆಕಾರ್ಡ್ ಆಗುತ್ತವೆ. ಅಂದಿನದೂ ಆಯಿತು.

ಇನ್ನು ಇಪ್ಪತ್ತು ನಿಮಿಷದ ಆಟ ಉಳಿದಿರುವಾಗ ನಮ್ಮವರು ಗೋಲು ಹೊಡೆದರು. ಕೂತಲ್ಲೇ ಕೂಗಿದೆವು, ಒಬ್ಬರೂ ಕದಲಲಿಲ್ಲ. ಅವನು ಲೇತಿನ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲಿದ್ದ. ಸ್ವಲ್ಪ ಹೊತ್ತಿಗೆ ಎಡಗೈ ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದ.

"ಲೇ, ಯಾಕೋ ಗಾಳಿ ಸಾಲ್ತಿಲ್ಲ. ಹೊರಗ ಹೋಗಿ ನಿಂತ್ಕಂತೀನಿ."

"ಮುಚ್ಕಂಡು ಕುಂದ್ರಲೇ" ಎಂದೆ. "ಹೋದ್ಸಲ ಎದ್ದಿದ್ದು ಸಾಲ್ದಾ? ಮಿರ್ಚಿ ತಿಂದು ಗ್ಯಾಸಾಗೈತೆ."

ಎಲ್ಲರೂ ನಕ್ಕರು. ಅವನು ಅರ್ಧ ಎದ್ದಿದ್ದವನು ಮತ್ತೆ ಕೂತ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ನೀನೇನು ಆಡಾಕ ಹೋಗಿದ್ಯೇನಲೇ, ಹಿಂಗ್ ಬೆವರ್ತೀಯ" ಎಂದು ಅದಕ್ಕೂ ನಾನೇ ತಮಾಷೆ ಮಾಡಿದೆ. ಆಮೇಲೆ ನಾನು ಅವನ ಕಡೆ ನೋಡಲಿಲ್ಲ. ಪಾತ್ರೆಯ ಕಡೆ ನೋಡುತ್ತಿದ್ದೆ.

ಸೀಟಿ ಊದಿದ್ದು ನಮಗೆ ಕೇಳಿಸಿತು. ಐವರೂ ಎದ್ದು ಕುಣಿದೆವು. ಇಪ್ಪತ್ತು ವರ್ಷ ಕಾದದ್ದು ಕೈಗೆ ಬಂದಿತ್ತು. ಅವನು ಲೇತಿಗೆ ಒರಗಿಕೊಂಡು ಕೂತೇ ಇದ್ದ. ಬೇಕಂತಲೇ ನಾಟಕ ಮಾಡುತ್ತಿದ್ದಾನೆ ಅಂದುಕೊಂಡು ನಾನು ಹೋಗಿ, ಗೆದ್ದರೆ ಹಂಚಲೆಂದು ತಂದಿದ್ದ ಪೇಡಾ ಒಂದನ್ನು ಅವನ ಕೈಗೆ ಇಟ್ಟೆ. "ಇನ್ನು ಏಳಬಹುದಲೇ, ಮುಗೀತು" ಎಂದೆ. ಪೇಡಾ ಬೆರಳುಗಳ ನಡುವಿನಿಂದ ಜಾರಿ ಬಿತ್ತು. ಆಗ ಅವನ ಮುಖ ನೋಡಿದೆ.

ಪಕ್ಕದ ಅಂಗಡಿಯವರ ಓಮ್ನಿಯಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ಓಡಿದೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು, ನನ್ನ ಫೋನು ದಾರಿಯುದ್ದಕ್ಕೂ ಶುಭಾಶಯಗಳಿಗೆ ಹೊಡೆದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನೋವು ಯಾವಾಗ ಶುರುವಾಯಿತು ಎಂದು ಕೇಳಿದರು.

"ಈಗಷ್ಟೇ ಸರ್" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆವತ್ತಿನಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿದ್ದೆ, ಅಷ್ಟೇ. ನಿಜ ಹೇಳಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ, ಇನ್ನೊಬ್ಬ ಡಾಕ್ಟರನ್ನು ಕೇಳುವ ಧೈರ್ಯವೂ ನನಗಿಲ್ಲ. ಆರು ಗಂಟೆಗೆ ಅವನು ಹೋದ. ನನ್ನ ಸುಳ್ಳು ಮಾತ್ರ ನೆಟ್ಟಗೆ ಅವನ ಮನೆಗೆ ಹೋಯಿತು. ಒಂದು ನಿಮಿಷವೂ ನೋವುಣ್ಣದೆ, ಗೆದ್ದ ಖುಷಿಯಲ್ಲಿ ಹೋದರು ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳತೊಡಗಿದರು. ನಾನು ಅವರನ್ನು ಭಾಬಿ ಎನ್ನುತ್ತೇನೆ. "ನೀವು ಪಕ್ಕದಾಗಿದ್ರಲ್ಲ, ಅದೇ ನಂಗೆ ಸಮಾಧಾನ" ಎಂದು ನನಗೂ ಅಂದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆ ರೆಕಾರ್ಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗೋಲಿನ ಕೂಗು, ಅವನ ಮಾತು, ನಮ್ಮ ನಗು. ಆಮೇಲೆ ಸ್ಟೂಲು ಒಮ್ಮೆ ಕಿರ್ ಎನ್ನುತ್ತದೆ. ಅಳಿಸಬೇಕೆಂದು ಬೆರಳು ಇಟ್ಟಿದ್ದೇನೆ, ಒತ್ತಲಾಗಿಲ್ಲ. ಹೊಲಿಗೆ ಮಿಷನ್ನಿನ ಸದ್ದಿನ ನಡುವೆಯೂ ಗಾಳಿ ಸಾಲ್ತಿಲ್ಲ ಎನ್ನುವುದು ಕೇಳಿಸಿ ಕಾಲು ಪೆಡಲ್ಲಿನ ಮೇಲೇ ನಿಂತುಬಿಡುತ್ತದೆ. ಅಂಗಡಿಗೆ ಬಂದವರಿಗೆ ಕೂಡ್ರಿ ಎನ್ನಲು ಬಾಯಿ ಬರುವುದಿಲ್ಲ. ಬೆಂಚು ಖಾಲಿ ಇದ್ದರೂ ಜನ ನಿಂತೇ ಅಳತೆ ಕೊಟ್ಟು ಹೋಗುತ್ತಾರೆ. ಟೈಲರಿಗೆ ಸೊಕ್ಕು ಬಂದಿದೆ ಎನ್ನುತ್ತಾರಂತೆ.

ಅವನು ಹೋಗಿ ಐದಾರು ತಿಂಗಳಾಗಿತ್ತು. ನಮ್ಮ ಆರು ಜನರಲ್ಲೇ ಒಬ್ಬ, ಒಳ್ಳೆಯ ಮನಸ್ಸಿನಿಂದಲೇ, ಆ ದಿನದ ಕರೆ ನನ್ನ ಫೋನಿನಲ್ಲಿದೆ ಎಂದು ಭಾಬಿಗೆ ಹೇಳಿದ. ಅವರು ಫೋನ್ ಮಾಡಿದರು.

"ಅವ್ರ ದನಿ ನಿಮ್ಮತ್ರ ಐತಂತಲ್ಲ. ನಮ್ಮನ್ಯಾಗ ಒಂದು ಫೋಟೋ ಬಿಟ್ರೆ ಏನೂ ಇಲ್ರಿ. ಒಂದ್ಸಲ ಕೇಳಸ್ರಿ."

ಮದುವೆ ಸೀಸನ್ನು, ಕೈತುಂಬ ಕೆಲಸ ಎಂದು ಎರಡು ವಾರ ನೂಕಿದೆ. ಬೇಡದ ಭಾಗ ತೆಗೆಸಿಬಿಡೋಣ ಎಂದೂ ಯೋಚಿಸಿದೆ. ಕತ್ತರಿ ಹಾಕುವುದು ನನ್ನ ಕಸುಬೇ. ಆದರೆ ಸತ್ತವನ ಮಾತನ್ನು ಕತ್ತರಿಸಿ ಅವನ ಹೆಂಡತಿಗೆ ಕೊಡುವಷ್ಟು ಕೆಳಗಿಳಿಯಲು ಆಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ.

ಭಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಚಾಪೆಯ ಮೇಲೆ ಕೂತರು. ನಾನು ಫೋನನ್ನು ಅವರ ಮುಂದಿಟ್ಟು, ಗೋಲು ಬಿದ್ದಲ್ಲಿಂದ ಹಾಕಿದೆ. ಅವನ ದನಿ ಬಂದದ್ದೇ ಅವರ ಮುಖ ಅರಳಿತು. ಹಿಂದೆಯೇ ನನ್ನ ದನಿ ಬಂತು. ಆ ನಗು ಅವರ ಮುಖದ ಮೇಲೆ ಒಂದು ಗಳಿಗೆ ಹಾಗೇ ಉಳಿದು, ಆಮೇಲೆ ಹೋಯಿತು. ನಾನು ನಿಲ್ಲಿಸಲು ಕೈ ಚಾಚಿದೆ. ಬೇಡ ಎಂದು ಸನ್ನೆ ಮಾಡಿದರು. ಕೊನೆಯ ಸೀಟಿಯವರೆಗೂ, ನಾವು ಕುಣಿದ ಗದ್ದಲದವರೆಗೂ ಪೂರ್ತಿ ಕೇಳಿದರು.

"ಅಷ್ಟೊಂದು ಬೆವರಿದ್ರಾ?"

"ಹೌದು ಭಾಬಿ."

"ಯಾರಾದ್ರೂ ಒರೆಸಿದ್ರೇನ್ರಿ?"

"ಇಲ್ಲ. ಯಾರೂ ಏಳಲಿಲ್ಲ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಡಾಕ್ಟರಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ಫೋನನ್ನು ನನ್ನ ಕಡೆ ಸರಿಸಿದರು.

"ಅವ್ರು ಮಾತಾಡಿದ್ದು ಇನ್ನೊಂದ್ಸಲ ಹಾಕ್ರಿ. ನೀವು ನಕ್ಕಿದ್ದು ಬ್ಯಾಡ."

ಹಿಂದಕ್ಕೆ ಎಳೆದು ಹುಡುಕಿದೆ. ಅಲ್ಲಿ ನಿಲ್ಲಿಸಿದೆ, ಇಲ್ಲಿ ನಿಲ್ಲಿಸಿದೆ. ಅವನು ಮಾತು ಮುಗಿಸುವ ಮೊದಲೇ ನಾನು ನಗಲು ಶುರುಮಾಡಿದ್ದೆ. ಎರಡನ್ನೂ ಬೇರೆ ಮಾಡಲು ಬರಲಿಲ್ಲ. ಭಾಬಿ ಕಾಯುತ್ತಿದ್ದರು, ಇದ್ದ ಹಾಗೇ ಹಾಕಿದೆ.