ಪಿಂಗಾಣಿ ತಟ್ಟೆಯ ದೊರೆ

ಹತ್ತು ತಿಂಗಳಾದರೂ ಮಗುವಿನ ಕಣ್ಣು ಕಪ್ಪಾಗಲಿಲ್ಲ ಎಂಬುದೇ ವೇಣಿಯ ಚಿಂತೆ. ಆರು ತಿಂಗಳಿಗೆ ಬಣ್ಣ ತಿರುಗುತ್ತದೆ ಎಂದಿದ್ದ ಡಾಕ್ಟರು ಈಗ, "ಕಣ್ಣು ಚೆನ್ನಾಗಿ ಕಾಣ್ಸುತ್ತಲ್ಲಮ್ಮ, ಇನ್ನೇನು?" ಎನ್ನುತ್ತಿದ್ದರು. ಹಾಲಿನ ಬಾಟಲಿಯನ್ನು ಎರಡೆರಡು ಸಲ ಕುದಿಸುವ ವೇಣಿಗೆ ಅಷ್ಟು ಸಾಲದು. ಕಾಯಿಲೆಯಲ್ಲವಾದರೆ ಈ ಹಸಿರು ಬಂದದ್ದೆಲ್ಲಿಂದ? ಅತ್ತೆ ಕೃಷ್ಣಮ್ಮ ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿ, "ನಮ್ ಕಡೆ ಯಾರ್ದೂ ಇಂಥ ಕಣ್ಣಲ್ಲಮ್ಮ" ಎಂದು ಹೆಬ್ಬಗೋಡಿಯ ತಮ್ಮ ಮನೆಗೆ ಹೋದವರು ಮತ್ತೆ ಮಗುವನ್ನು ಎತ್ತಿಕೊಳ್ಳಲೇ ಇಲ್ಲ. "ಅಮ್ಮ ಹಂಗೇ ಕಣೇ" ಎಂದು ಗಂಡ ಬಾಲಾಜಿ ನಕ್ಕ. ಅವನಿಗೇನು, ಜನ ಕೇಳುವುದು ತಾಯಿಯನ್ನು.

ಮಹಾಲಯ ಅಮಾವಾಸ್ಯೆಗೆ ಎಲ್ಲರೂ ನಲ್ಲೂರಹಳ್ಳಿಯಲ್ಲಿ ಸೇರಿದರು. ಅದು ಕೃಷ್ಣಮ್ಮನ ತಾಯಿ, ಎಂಬತ್ತೈದರ ಚಿಕ್ಕಮುನಿಯಮ್ಮನ ಮನೆ. ಹಿರಿಯರಿಗೆ ಸಾಲಾಗಿ ಎಲೆ ಹಾಕಿ, ಮುದ್ದೆ, ಕೋಳಿಸಾರು, ಬೀಡಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟಿದ್ದರು. ಸಾಲಿನ ಕೊನೆಗೆ ಮಾತ್ರ ಎಲೆಯಿಲ್ಲ, ಪಿಂಗಾಣಿ ತಟ್ಟೆ. ಅದರಲ್ಲಿ ಬ್ರೆಡ್ಡು, ಬೆಣ್ಣೆ, ಪಕ್ಕದಲ್ಲೊಂದು ಕ್ವಾರ್ಟರ್ ಬ್ರಾಂದಿ.

"ಇದ್ಯಾರಿಗೆ ಅತ್ತೆ?"

"ನಮ್ಮೋರು ಕೆಲಸಕ್ಕಿದ್ದ ಬಂಗಲೆ ದೊರೆಗೆ. ಐರ್ಲೆಂಡಿನೋನಂತೆ, ಥಾಮಸ್ ಅಂತ. ಉಪ್ಪು ತಿಂದಿದ್ವಲ್ಲ, ಅದಕ್ಕೆ."

ಸಂಬಳ ಕೊಟ್ಟವರಿಗೆಲ್ಲ ಹಿರಿಯರ ಸಾಲಿನಲ್ಲಿ ಎಡೆಯೇ? ಹಾಗಾದರೆ ಬಾಲಾಜಿಯ ಮ್ಯಾನೇಜರಿಗೂ ಮುಂದೊಂದು ದಿನ ಎಲೆ ಹಾಕಬೇಕಾದೀತು! ವೇಣಿಗೆ ಗುಮಾನಿ ಹತ್ತಿತು.

ಎರಡು ಶನಿವಾರ ಮಗುವನ್ನು ಕಟ್ಟಿಕೊಂಡು, ನಲ್ಲೂರಹಳ್ಳಿಯ ಪಕ್ಕದ ವೈಟ್‌ಫೀಲ್ಡಿನ ಹಳೇ ಸಮಾಧಿಗಳ ನಡುವೆ ಅಲೆದಳು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಪಾಚಿ ಕೆರೆದದ್ದೇ ಬಂತು, ಥಾಮಸ್ ಸಿಗಲಿಲ್ಲ. ಚರ್ಚಿನ ಗುಮಾಸ್ತ ದಪ್ಪ ಪುಸ್ತಕಗಳನ್ನು ತಂದಿಟ್ಟು, "ಗೆದ್ದಲು ಬಿಟ್ಟಿದ್ದಷ್ಟೇ ಮೇಡಂ ಇರೋದು" ಎಂದ. ಮದುವೆಯ ಪುಸ್ತಕದಲ್ಲಿ ದೊರೆಯ ಹೆಸರಿಲ್ಲ, ಸತ್ತವರ ಪುಸ್ತಕದಲ್ಲೂ ಇಲ್ಲ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಾತ್ರ ಒಂದೇ ಸಾಲು: ೧೯೦೪, ಮಗು ಮೇರಿ, ತಂದೆ ಥಾಮಸ್ ಡೊನೆಲನ್, ಐರ್ಲೆಂಡ್, ರೈಲ್ವೆ ಗಾರ್ಡ್, ತಾಯಿ ನಲ್ಲೂರಹಳ್ಳಿಯವಳು. ಅವಳ ಹೆಸರಿದ್ದ ಕಡೆ ತೂತು. ಮಗುವಿನ ಹೊತ್ತಿಗೆ ಮುಖ ತೋರಿಸಿ ಮಾಯವಾದ ಆಸಾಮಿ!

ಫೋನಿನಲ್ಲಿ ತೆಗೆದ ಪಟ ಹಿಡಿದು ಚಿಕ್ಕಮುನಿಯಮ್ಮನ ಮುಂದೆ ಓದಿದಳು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಿತು.

"ಮೇರಿ ಅಂದ್ರೆ ನಮ್ಮವ್ವ ಕಣಮ್ಮಿ. ಊರಿಗೆ ಮುನಿಯಮ್ಮ. ಅವಳ ಕಣ್ಣೂ ಇಂಗೇ ಇದ್ವು. ನಿಮ್ಮತ್ತೆ ಉಟ್ಟೋಕ್ ಮುಂಚೇನೇ ಓಗ್ಬುಟ್ಲು."

"ಅತ್ತೆಗೆ ಯಾಕಜ್ಜಿ ಹೇಳ್ಲಿಲ್ಲ?"

"ಅವಳ್ಗೆ ಗಂಡು ಸಿಗ್ಬೇಕಿತ್ತಲ್ಲ! ಆಮ್ಯಾಕ್ ಯೋಳಾನ ಅಂತಿದ್ದೆ, ನಲವತ್ತು ವರ್ಸ ಆಗೋಯ್ತು. ನೀನೇ ಯೋಳ್ಬುಡು. ನಾನ್ ಯೋಳಿದ್ರೆ ಕೂಗಾಡ್ತಾಳೆ."

ಮೂರು ದಿನ ವೇಣಿ ಫೋನು ಎತ್ತಿದಳು, ಇಟ್ಟಳು. ಅತ್ತೆ ನೊಂದುಕೊಂಡರೆ? ನಂಬದಿದ್ದರೆ? ನಾಲ್ಕನೆಯ ದಿನ ರಾಗಿ ಸರಿ ಉಗುಳುತ್ತಿದ್ದ ಮಗುವನ್ನು ಸೊಂಟಕ್ಕೇರಿಸಿ ನಂಬರ್ ಒತ್ತಿಯೇಬಿಟ್ಟಳು.

"ಅತ್ತೆ, ಕೂತಿದೀರಾ, ನಿಂತಿದೀರಾ?"

"ಮಗೂಗೇನಾಯ್ತೇ?" ಎಂದರು ಕೃಷ್ಣಮ್ಮ.

"ಏನೂ ಆಗಿಲ್ಲ. ನೀವು ಎಡೆ ಇಡೋ ದೊರೆ ನಿಮ್ಮಜ್ಜಿಯ ಅಪ್ಪ ಅತ್ತೆ. ಚರ್ಚ್ ಪುಸ್ತಕದಲ್ಲಿದೆ. ನಿಮ್ಮಮ್ಮನೂ ಒಪ್ಕೊಂಡ್ರು. ಕಣ್ಣು ನಿಮ್ ಕಡೇದೇ."

ಆ ಕಡೆ ಕುಕ್ಕರ್ ಮೂರು ಸಲ ಕೂಗಿತು.

"ನಿಮ್ಮಾವಂಗೆ ಈಗ್ಲೇ ಹೇಳ್ಬೇಡ" ಎಂದರು ಕೃಷ್ಣಮ್ಮ ಮೆಲ್ಲಗೆ. "ನಾನೇ ಯಾವಾಗ್ಲಾದ್ರೂ ಹೇಳ್ತೀನಿ. ಮಗೂನ ಮಲಗಿಸ್ಬೇಡ ಕಣೇ, ಬಸ್ ಹತ್ತಿದೀನಿ ಅಂದ್ಕೋ."