ಫಳಫಳಕ್ಕ ತೊಳೆದುಹಾಕಿದ ಕೆನ್ನೆಗುಳಿ

"ಅವಳ ಮನೆ ಮುಂದೆ ನಿಂತು ಮಾತಾಡಬೇಡಿ, ನಿಮ್ಮನ್ನೂ ತೊಳೆದು ಒಣಗಹಾಕ್ತಾಳೆ" ಎನ್ನುತ್ತಿದ್ದರು ಅಕ್ಕಪಕ್ಕದವರು. "ಗಂಡನಿಗೆ ಮಾತ್ರ ಇನ್ನೂ ನೀರು ಸೋಕಿಲ್ಲ ನೋಡಿ" ಎಂದು ನಗುತ್ತಲೂ ಇದ್ದರು. ಬೀದಿಗೆಲ್ಲ ಅವಳು ಫಳಫಳಕ್ಕ.

ರಬ್ಬರ್ ಗೊಂಬೆ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ತೊಳೆಯುವುದು ಅವಳ ಕೆಲಸ. ಕೆಲಸ ಇರುವತನಕ ಕಾರ್ಖಾನೆಯದೇ ಮನೆ. ಮೊದಲೆಲ್ಲ ತಂತಿಬ್ರಷ್ಷಿನಲ್ಲಿ ಕೆರೆದೂ ಕೆರೆದೂ ಅಚ್ಚೇ ಸವೆಯುತ್ತಿತ್ತು. ಆಮೇಲೆ ಹೊಸ ಯಂತ್ರ ಬಂತು: ಗಾಜಿನ ಕಿಟಕಿಯ ದೊಡ್ಡ ಪೆಟ್ಟಿಗೆ, ಕೈ ತೂರಿಸಲು ಮೊಳಕೈವರೆಗಿನ ಗ್ಲೌಸು, ನೀರಲ್ಲಿ ಕಲೆಸಿದ ನುಣ್ಣನೆಯ ಗಾಜಿನ ಮಣಿಪುಡಿ. ಗಾಳಿಯ ಒತ್ತಡಕ್ಕೆ ಅದು ರೊಯ್ಯನೆ ಚಿಮ್ಮಿತೆಂದರೆ ಕೊಳೆ ಹೋಯಿತು ಅನ್ನಿ. ಧೂಳೇಳದು, ಉಕ್ಕಿಗೆ ಗೀರೂ ಬೀಳದು. ಮೊದಲ ದಿನವೇ ಫಳಫಳಕ್ಕ ಎಲ್ಲಕ್ಕಿಂತ ಹಳೆಯ ಅಚ್ಚನ್ನು ಆಗತಾನೇ ಹುಟ್ಟಿದ ಹಾಗೆ ಮಾಡಿಟ್ಟಳು.

ಮರುದಿನದ ಗೊಂಬೆಗಳ ಕೆನ್ನೆಯಲ್ಲಿ ಗುಳಿಯೇ ಇಲ್ಲ!

ಆ ಗೊಂಬೆ ಮಾರಾಟವಾಗುತ್ತಿದ್ದದ್ದೇ ಗುಳಿಯಿಂದ. ತಂತಿಬ್ರಷ್ಷಿಗೂ ಬಗ್ಗದೆ ಅಚ್ಚಿನ ಕೆನ್ನೆಗೆ ವರ್ಷಗಟ್ಟಲೆ ಅಂಟಿ ಉಬ್ಬಿದ್ದ ರಬ್ಬರ್ ಕೊಳೆಯೇ ಗೊಂಬೆಯಲ್ಲಿ ಗುಳಿಯಾಗಿ ಮೂಡುತ್ತಿತ್ತಂತೆ.

"ಕೊಳೆ ವಾಪಸ್ ಹಾಕಮ್ಮ, ಇಲ್ಲಾಂದ್ರೆ ಮನೆ ಖಾಲಿ ಮಾಡು" ಎಂದ ಮ್ಯಾನೇಜರ್.

"ತೆಗೆಯೋದು ಗೊತ್ತು ಸಾರ್. ಹಾಕೋದು ಯಾರೂ ಕಲಿಸಿಲ್ಲ."

ಬೆಸುಗೆಯವನು ಒಂದು ಉಬ್ಬು ಹಾಕಿಕೊಟ್ಟ. ಗೊಂಬೆ ಗುಂಡೇಟು ತಿಂದಂತೆ ಕಂಡಿತು.

ಮನೆಗೆ ಬಂದು ಅಳುತ್ತ ಕೂತಳು. ಗೋಡೆಗೆ ತಲೆ ಆನಿಸಿದ್ದ ಗಂಡ ಕಣ್ಣು ಬಿಡದೆಯೇ ಅಂದ: "ಕೊಳೆ ಮಾಡಿದ್ರೆ ಆಗೋದಲ್ಲ ಕಣೇ. ಸುಮ್ನೆ ಬಿಡಬೇಕು. ನನ್ನ ನೋಡು."

ಮಾತು ಮ್ಯಾನೇಜರ್ ಕಿವಿಗೂ ಬಿತ್ತು. ಮನೆಗೇ ಬಂದವನು, ಎಷ್ಟು ತೊಳೆದರೂ ಮರುವಾರ ಗೋಡೆಯಲ್ಲಿ ಹಾಜರಾಗುವ ಗಂಡನ ದುಂಡನೆಯ ತಲೆಜಿಡ್ಡು ಕಂಡು ಬೆರಗಾದ. ಗಂಡನಿಗೆ ಅಲ್ಲೇ ನೌಕರಿ: ಅಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು, ಹೆಂಡತಿ ಹತ್ತಿರ ಸುಳಿಯದಂತೆ ಕಾಯುವುದು. ಸಂಬಳ ಅವಳಿಗಿಂತ ಜಾಸ್ತಿ!

"ಏನೂ ಮಾಡದೆ ಇರೋಕೂ ಅನುಭವ ಬೇಕಪ್ಪ" ಎಂದು ಬೀದಿ ತುಂಬ ಹೇಳಿಕೊಂಡು ತಿರುಗಿದ.

ಗುಳಿ ಮೆಲ್ಲಗೆ ಮರಳಿತು. ಮನೆ ಉಳಿಯಿತು. ಇಬ್ಬರೂ ನಿವೃತ್ತರಾದ ದಿನ ಮಾತ್ರ ಬೀಗದ ಕೈ ಒಪ್ಪಿಸಲೇಬೇಕಾಯಿತು. ಫಳಫಳಕ್ಕ ಮೂಲೆಮೂಲೆ ತೊಳೆದಳು. ಗಂಡನಿಗೆ ಏನನ್ನಿಸಿತೋ, ಹುಟ್ಟಿದಾಗಿನಿಂದ ಮೊದಲ ಸಲ ಒದ್ದೆ ಬಟ್ಟೆ ಹಿಡಿದು ಗೋಡೆಯ ಜಿಡ್ಡಿನತ್ತ ನಡೆದ.

"ಮುಟ್ಟಿದ್ರೆ ನೋಡ್ರೀ! ಅದು ಮನೆಯ ಕೆನ್ನೆಗುಳಿ."

ಬಟ್ಟೆ ಕಿತ್ತುಕೊಂಡಳು. ಅವನನ್ನು ಹೊರಗೆ ತಳ್ಳಿ, ಬಾಗಿಲು ಹಾಕಿ, ಬೀಗವನ್ನೊಮ್ಮೆ ಚೆನ್ನಾಗಿ ಒರೆಸಿ ಹೊರಟಳು.