ಗಂಗಣ್ಣ ಹೊತ್ತುಕೊಂಡ ತಪ್ಪು

ಗುಬ್ಬಿಯ ಗಂಗಣ್ಣ ರಿಪೇರಿಗೆ ಬಂದ ಹಾರ್ಡ್ ಡಿಸ್ಕಿಗೂ ವಿಭೂತಿ ಹಚ್ಚುತ್ತಿದ್ದರು. ತಮ್ಮ ಹಣೆಗೆ ಹಚ್ಚಿಕೊಂಡಷ್ಟೇ ಅಚ್ಚುಕಟ್ಟಾಗಿ, ಮೂರು ಬೆರಳಲ್ಲಿ. ಆದರೆ ಹಳೆಯ ಡಿಸ್ಕಿಗೆ ಮಾತ್ರ. ವಿಂಡೋಸ್ ಸಮೇತ ಎಲ್ಲವನ್ನೂ ಹೊಸದಕ್ಕೆ ಸಾಗಿಸುವಾಗ ಯಾವುದು ಹಳೆಯದೆಂದು ತಿಳಿಯಲು ಅವರು ಇಟ್ಟುಕೊಂಡ ಗುರುತು ಅದು. ಮಾರ್ಕರ್ ಪೆನ್ನಾದರೂ ಬಳಸಿ ಎಂದರೆ, "ಪೆನ್ನು ಕಳ್ದೋಗ್ತದೆ ಸಾರ್, ಇಬೂತಿ ಜೇಬಲ್ಲೇ ಇರ್ತದೆ" ಎನ್ನುತ್ತಿದ್ದರು.

ತುಮಕೂರಿನಲ್ಲಿ ಬೇಕಾದಷ್ಟು ಅಂಗಡಿಗಳಿದ್ದರೂ ನಾನು ನನ್ನ ಡಿಟಿಪಿ ಸೆಂಟರಿನ ಕಂಪ್ಯೂಟರುಗಳನ್ನು ಬಸ್ಸಿಗೆ ಹಾಕಿಕೊಂಡು ಗುಬ್ಬಿಗೇ ಒಯ್ಯುತ್ತಿದ್ದೆ. ಬೇರೆಯವರು ಹೊಸ ವಿಂಡೋಸ್ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಗಂಗಣ್ಣನಿಗೆ ಅದು ಸೇರುತ್ತಿರಲಿಲ್ಲ. "ಫೋಟೋ ಒಂದು ಉಳಿಸ್ಕೊಡಿ ಸಾಕು" ಎಂದ ಗಿರಾಕಿಯೊಬ್ಬನನ್ನು ನನ್ನೆದುರೇ ಗದರಿದ್ದರು. "ಏನ್ಲಾ, ಮನೆ ಬದಲಾಯ್ಸೋವಾಗ ಬರೀ ಫೋಟೋ ಎತ್ಕೊಂಡ್ ಹೋಯ್ತೀಯಾ? ಒಲೆ, ಒರಳು ಎಲ್ಲಾ ಇಟ್ಟಿದ್ ಜಾಗದಲ್ಲೇ ಇರ್ಬೇಕು ಕಣೋ!"

ಆ ಮಾತು ನಂಬಿಯೇ ಅವರನ್ನು ಕುಣಿಗಲ್ಲಿನ ನಮ್ಮಕ್ಕನ ಮನೆಗೆ ಕರೆದೊಯ್ದೆ. ಅಕ್ಕನ ಒಬ್ಬಳೇ ಮಗಳು ನಿವೇದಿತಾ ಡೆಂಗ್ಯೂ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅಕ್ಕ ದಿನಾ ಅವಳ ಕಂಪ್ಯೂಟರ್ ಆನ್ ಮಾಡಿ, ಅವಳು ಜೋಡಿಸಿಟ್ಟು ಹೋದಂತೆಯೇ ಇದ್ದ ಪರದೆ ನೋಡುತ್ತಾ, ಅವಳೇ ಹಾಡಿ ರೆಕಾರ್ಡ್ ಮಾಡಿದ್ದನ್ನು ಕೇಳುತ್ತಾ ಕೂರುತ್ತಿದ್ದಳು. ಬೇರೆಲ್ಲೂ ಅವುಗಳ ನಕಲು ಇರಲಿಲ್ಲ. ಈಚೆಗೆ ಡಿಸ್ಕು ಕಟಕಟ ಎನ್ನತೊಡಗಿತ್ತು. ಹೊಸದೂ ಅದೇ ಥರದ್ದೇ ಇರಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಅದೇ ಕಂಪನಿಯ, ಅದೇ ಅಳತೆಯದನ್ನು ಹುಡುಕಿ ತಂದಿದ್ದೆ.

ಗಂಗಣ್ಣ ಹಳೆಯ ಡಿಸ್ಕನ್ನು ಬಿಚ್ಚಿ, ಧೂಳು ಒರೆಸಿ, ಹೊಸದರ ಪಕ್ಕ ಇಟ್ಟರು. ಅಷ್ಟರಲ್ಲಿ ಅಕ್ಕ ಕಾಫಿಗೆ ಕರೆದಳೆಂದು ಕೈತೊಳೆಯಲು ಹಿತ್ತಲಿಗೆ ಹೋದರು. ಕಾಫಿ ಕುಡಿದು ಬಂದಾಗ ಒಂದು ಡಿಸ್ಕಿನ ಮೇಲೆ ವಿಭೂತಿ ಇತ್ತು. ತಾವೇ ಹಚ್ಚಿರಬೇಕು ಎಂದುಕೊಂಡರು. ಅವರ ಬಳಿ ಎರಡು ಖಾನೆಯ ಪೆಟ್ಟಿಗೆಯೊಂದಿತ್ತು. ಎರಡನೆಯ ಖಾನೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಿ, ಮೊದಲನೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಅಲ್ಲಿಗೆ ಇಳಿಸುತ್ತಿತ್ತು ಅದು. ವಿಭೂತಿ ಇದ್ದದ್ದನ್ನು ಮೊದಲ ಖಾನೆಗೆ ಸಿಕ್ಕಿಸಿ ಗುಂಡಿ ಒತ್ತಿದರು.

ಸಂಜೆ ಕಂಪ್ಯೂಟರ್ ಹಾಕಿದರೆ ಪರದೆ ಬರೀ ಕಪ್ಪು. ಗಂಗಣ್ಣ ಎರಡೂ ಡಿಸ್ಕುಗಳನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಇದಕ್ಕೆ ಇಬೂತಿ ಯಾರ್ ಹಚ್ಚಿದ್ರು ಸಾರ್?" ಎಂದು ಮೆಲ್ಲಗೆ ಕೇಳಿದರು.

"ಅಕ್ಕ ಹಚ್ಚಿರ್ತಾಳೆ. ಹೊಸದಲ್ವಾ. ಹೊಸ ಪಾತ್ರೆ ತಂದ್ರೂ ಹಚ್ತಾಳೆ."

ಮೊದಲ ಖಾನೆಗೆ ಹೋಗಿದ್ದು ಹೊಸ ಡಿಸ್ಕು; ಆ ಖಾಲಿ ಡಿಸ್ಕು ನಿವೇದಿತಾಳದ್ದನ್ನೆಲ್ಲ ಅಳಿಸಿಹಾಕಿತ್ತು. ಗಂಗಣ್ಣ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು.

"ಅಕ್ಕ, ನನ್ ಕೈಯಿಂದ ತಪ್ಪಾಗೋಯ್ತು. ಎಲ್ಲಾ ಅಳಿಸೋಯ್ತು."

ಯಾರಿಗೂ ಗಟ್ಟಿಯಾಗಿ ಮಾತಾಡದ ನಮ್ಮಕ್ಕ ಅಂದು ಬೀದಿಗೆ ಕೇಳುವಂತೆ ಕಿರುಚಿದಳು. "ನನ್ ಮಗು ಇದ್ದಿದ್ದೇ ಅದೊಂದ್ರಲ್ಲಿ! ನಿನ್ ಕೈ ಸೇದೋಗ! ನೀನೂ ನೆಗ್ದ್ ಬಿದ್ದೋಗ!"

ಗಂಗಣ್ಣ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ರೇಗಿದೆ. ನಡೆದದ್ದನ್ನು ಹೇಳುವುದಕ್ಕೆ ಏನಾಗಿತ್ತು ಎಂದೆ.

"ಬೇಗ ಆಸ್ಪತ್ರೆಗೆ ಸೇರಿಸ್ಲಿಲ್ಲ ಅಂತ ಆ ತಾಯಿ ಆಗ್ಲೇ ಕೊರಗ್ತಾವ್ರೆ ಅಂತ ನೀವೇ ಅಂದಿದ್ರಲ್ಲ. ಇದನ್ನೂ ಅವ್ರ ತಲೆಗೆ ಕಟ್ಲಾ? ನೋಡ್ದೆ ಗುಂಡಿ ಒತ್ತಿದ್ದು ನಾನೇ ಅಲ್ವಾ. ನನ್ನ ಬಯ್ಲಿ ಬುಡಿ ಸಾರ್. ನೀವೂ ಬಾಯ್ಬಿಡ್ಬೇಡಿ."

ಆಮೇಲೆ ಅವರು ಆ ಪೆಟ್ಟಿಗೆ ಮುಟ್ಟಲಿಲ್ಲ. ಡಿಸ್ಕ್ ಬದಲಿಸಲು ಬಂದವರನ್ನು ತುಮಕೂರಿಗೆ ಸಾಗಹಾಕಿ, ಪ್ರಿಂಟರುಗಳಿಗೆ ಇಂಕು ತುಂಬುತ್ತಾ ಕೂತರು.

ಹೋದ ತಿಂಗಳು ಗಂಗಣ್ಣ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಮಣ್ಣು ಮುಗಿಸಿಕೊಂಡು ನೇರ ಕುಣಿಗಲ್ ಬಸ್ಸು ಹತ್ತಿದೆ. ಸತ್ತ ಮೇಲಾದರೂ ಆ ಮನುಷ್ಯನ ಹೆಸರು ಚೊಕ್ಕಟವಾಗಲಿ, ಅಕ್ಕನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಸಾವಿನ ಸುದ್ದಿ ಕೇಳುತ್ತಲೇ ಅಕ್ಕ ನೆಲದ ಮೇಲೆ ಕೂತುಬಿಟ್ಟಳು.

"ನನ್ ಮಾತು ತಟ್ಟೋಯ್ತಲ್ಲೋ. ಬಾಯಿಗ್ ಬಂದಂಗೆ ಬಯ್ದೆ. ನಾನೇ ಕೊಂದ್ಬುಟ್ಟೆ ಕಣೋ."

"ಇಲ್ಲಕ್ಕ, ಅವ್ರಿಗೆ ಮೊದ್ಲಿಂದ್ಲೂ ಹಾರ್ಟ್ ಪ್ರಾಬ್ಲಮ್ ಇತ್ತು" ಎಂದೆ.

ಅದು ನಿಜವೇ ಆಗಿತ್ತು. ಅವಳು ನಂಬಲಿಲ್ಲ. ಹೇಳಬೇಕೆಂದು ಹೋಗಿದ್ದನ್ನು ನಾನು ಹೇಳಲಿಲ್ಲ.